ಚಿಕ್ಕಮುನಿಯಮ್ಮ ಇಲ್ಲ

ಬಾಡಿದ ಕಾಕಡದ ವಾಸನೆ, ಆಫೀಸಿನೊಳಗೆ ಇದೆಲ್ಲಿಂದ ಬಂತು ಎಂದು ತಲೆಯೆತ್ತಿದರೆ ಬಾಗಿಲಲ್ಲಿ ಹೂ ಮಾರುವ ಚಿಕ್ಕಮುನಿಯಮ್ಮ, ಮಾರ್ಕೆಟ್ಟಿನಿಂದ ಬಸವನಗುಡಿಯವರೆಗೆ ಬುಟ್ಟಿ ಹೊತ್ತೇ ಬಂದಿದ್ದಾರೆ, ಬುಟ್ಟಿ ತುಂಬ ಕಂದಿದ ಹೂವು — ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಬುಕ್ ಆಗಿತ್ತು, ನಾವು ಮಾಡಿಕೊಟ್ಟ ಆ್ಯಪಿನಲ್ಲೇ, ಆದರೆ ಗೇಟಿನ ಬೈರಯ್ಯ ಪರದೆ ನೋಡಿ ಚಿಕ್ಕಮುನಿಯಮ್ಮ ಇಲ್ಲ ಅಂತ ಬರ್ತೈತೆ ಕಣಮ್ಮ, ಒಳಗ್ ಬಿಡಕ್ಕಾಗಲ್ಲ ಎಂದನಂತೆ — ಅವನ ತಪ್ಪೇನು, ಅಲ್ಲಿ ಹಾಗೇ ಇದೆ, ಸರ್‌ನೇಮ್ ತುಂಬದೆ ಫಾರಂ ಮುಂದೆ ಹೋಗುವುದಿಲ್ಲ, ಹೆಸರು ಸೇರಿಸಲು ಹೋದ ನಮ್ಮ ಅನಿಲ್ ಕುಮಾರ್ ಸರ್‌ನೇಮ್ ಏನಮ್ಮ ಎಂದು ಕೇಳಿದ, ಇವರು ಇಲ್ಲಪ್ಪ ಎಂದರು, ಮಹಾಶಯ ಆ ಜಾಗದಲ್ಲಿ ಇಲ್ಲ ಎಂದೇ ಟೈಪ್ ಮಾಡಿದ. ಮೊದಲ ವಾರವೇ ಬಡಕೊಂಡಿದ್ದೆ, ಮಧುಸೂದನ್ ಸರ್, ಫ್ರೇಮ್‌ವರ್ಕ್ ಜೊತೆ ರೆಡಿಯಾಗಿ ಬರೋ, ಹೆಸರು ತುಂಬಿಡೋ ಯೂಸರ್ ಟೇಬಲ್ ಬೇಡ, ಹೂವಿನವರಿಗೆ ಇಮೇಲೂ ಇಲ್ಲ ಸರ್‌ನೇಮೂ ಇಲ್ಲ, ಒಂದು ಹೆಸರು, ಒಂದು ಫೋನ್ ನಂಬರ್, ಅಷ್ಟಿರೋ ನಮ್ಮದೇ ಟೇಬಲ್ ಮಾಡೋಣ, ಜನ ಸೇರಿದ ಮೇಲೆ ಬದಲಾಯಿಸೋದು ಕಷ್ಟ — ಇರೋದೇ ಸಾಕು ಪ್ರತಿಭಾ, ಆಮೇಲೆ ನೋಡೋಣ ಎಂದಿದ್ದರು. ಆ ಆಮೇಲೆ ಈಗ ಬುಟ್ಟಿ ಹೊತ್ತು ಎದುರಿಗೆ ನಿಂತಿದೆ, ಬುಕಿಂಗು, ರಸೀದಿ, ಗೇಟ್ ಪಾಸು ಎಲ್ಲವೂ ಆ ದರಿದ್ರ ಟೇಬಲ್ಲಿಗೇ ಜೋತುಬಿದ್ದಿವೆ, ಮಧುಸೂದನ್ ಅವರೋ ಕ್ಯಾಬಿನ್ನಿನಿಂದ ಕತ್ತು ಚಾಚಿ, ಊರ ಹೆಸರೋ ಜಾತಿ ಹೆಸರೋ ಏನೋ ಒಂದು ಸೇರಿಸಿ ಕಳ್ಸು, ಅವರಿಗೇನು ಗೊತ್ತಾಗುತ್ತೆ — ಆಕೆಯ ಎದುರಿಗೇ, ಆಕೆಗೆ ಕಿವಿಯೂ ಇಲ್ಲವೇನೋ ಎಂಬಂತೆ. ನಮ್ಮಪ್ಪನೂ ಬರೀ ಮಾಯಣ್ಣ, ಹಿಂದೆ ಮುಂದೆ ಏನೂ ಇಲ್ಲದ ಮಾಯಣ್ಣ, ಬ್ಯಾಂಕಿನ ಕೌಂಟರಿನಲ್ಲಿ ಪೂರ್ತಿ ಹೆಸರು ಹೇಳಿ ಎಂದಾಗ ಇದೇ ಪೂರ್ತಿ ಸ್ವಾಮಿ ಎನ್ನುತ್ತ ಕುಗ್ಗಿ ನಿಲ್ಲುತ್ತಿದ್ದರು — ಏನೂ ಸೇರಿಸಲ್ಲ ಸರ್, ಟೇಬಲ್ಲೇ ಬದಲಾಯಿಸ್ತೀನಿ. ಆ್ಯಪ್ ನಿಲ್ಲುತ್ತೆ ಪ್ರತಿಭಾ. ನಿಲ್ಲಲಿ ಸರ್. ಎಲ್ಲದರ ನಕಲು ತೆಗೆದಿಟ್ಟೆ, ಹೊಸ ಟೇಬಲ್ ಬರೆದೆ, ಒಬ್ಬೊಬ್ಬರನ್ನೂ ಅವರವರ ಬುಕಿಂಗಿನ ಸಮೇತ ಅದಕ್ಕೆ ದಾಟಿಸಿದೆ, ಎರರ್, ಮತ್ತೆ ಎರರ್, ಕೀಲಿಗಳನ್ನು ಕುಟ್ಟುತ್ತಿದ್ದೇನೋ ಯಾರನ್ನು ಕುಟ್ಟುತ್ತಿದ್ದೇನೋ, ಒಳಗೆ ಮಧುಸೂದನ್ ಫೋನಿನಲ್ಲಿ ಯಾರಿಗೋ ಸಮಜಾಯಿಷಿ ಕೊಡುತ್ತಿದ್ದಾರೆ, ಆಕೆ ಕಾಫಿ ಬೇಡವೆಂದು ಸೋಫಾದ ಅಂಚಿನಲ್ಲೇ ಕೂತಿದ್ದಾರೆ, ಬಿಸಿಲು ಕಿಟಕಿ ದಾಟುತ್ತಿದೆ — ಬಂತು. ಫೋನ್ ನಂಬರಿಗೆ ಓಟಿಪಿ, ಓಟಿಪಿ ಒತ್ತಿದರೆ ಬುಕಿಂಗು, ಮೇಲೆ ದೊಡ್ಡಕ್ಷರದಲ್ಲಿ ಹೆಸರು. ಏನ್ ಬರ್ದೈತೆ ಓದಮ್ಮ, ಎಂದರು. ಚಿಕ್ಕಮುನಿಯಮ್ಮ, ಎಂದೆ. ಅಷ್ಟೇನಾ, ಎಂದರು. ಅಷ್ಟೇ. ಇಷ್ಟಕ್ಕೆ ನನ್ ಹೂವು ಹೋಯ್ತಾ — ಕೂಗಲಿಲ್ಲ, ಬೈಯಲಿಲ್ಲ, ಸುಮ್ಮನೆ ಕೇಳಿದರು, ಬೆಳಗಿನಿಂದ ಕುದಿದ ಸಿಟ್ಟೆಲ್ಲ ಯಾರ ಮೇಲೆ ಕಾರಲಿ, ಹೂ ಕಟ್ಟುವ ಬಾಳೆನಾರು ಎಳೆದೆಳೆದು ಸೀಳುಬಿಟ್ಟ ಆ ಬೆರಳು ಪರದೆ ಮುಟ್ಟುತ್ತಿದೆ, ಚಿಕ್ಕಮುನಿಯಮ್ಮ ಮುಗಿದ ಮೇಲಿನ ಖಾಲಿ ಜಾಗ, ಇಲ್ಲ ಎಂದಿದ್ದ ಜಾಗ, ಅಲ್ಲೇ ಆ ಬೆರಳು, ಸೀಳುಬಿಟ್ಟ ಬೆರಳು, ಅಲ್ಲೇ