ಗದಿಗೆಪ್ಪ ಮಾಸ್ತರರ ಕಾಲಪೇಟಿ

ನಾನು ಒಂದು ಕಾಲಪೇಟಿ. ಕಾಲಿನಿಂದ ತಿದಿ ಒತ್ತಿ, ಎರಡೂ ಕೈಯಿಂದ ನುಡಿಸುವ ದೊಡ್ಡ ಹಾರ್ಮೋನಿಯಂ. ಹುಬ್ಬಳ್ಳಿಯ ಬಡಗಿಯೊಬ್ಬ ಸಾಗುವಾನಿಯಲ್ಲಿ ನನ್ನ ಮೈ ಕಟ್ಟಿ, ಬುಡದಲ್ಲಿ ಎರಡು ಪೆಡಲು ಕೂರಿಸಿದ. ಮೊದಲ ಸಲ ಗಾಳಿ ತುಂಬಿದಾಗ ನಾನು ಎಳೆಗರುವಿನಂತೆ ಕೂಗಿದೆ. ಅವನು ನಕ್ಕುಬಿಟ್ಟ.

ಮೊದಲು ಬೆಟಗೇರಿಯ ಒಂದು ಚರ್ಚಿನಲ್ಲಿದ್ದೆ. ಸಾರಮ್ಮ ಟೀಚರು ಭಾನುವಾರ ಮಾತ್ರ ನನ್ನನ್ನು ನುಡಿಸುತ್ತಿದ್ದರು. ಅಲ್ಲಿಗೆ ಕರೆಂಟಿನ ಕೀಬೋರ್ಡ್ ಬಂದ ಮೇಲೆ ಒಂದು ನಾಟಕ ಕಂಪನಿ ನನ್ನನ್ನು ಕೊಂಡಿತು. ಅಲ್ಲಿ ಸಿಕ್ಕವರೇ ಗದಿಗೆಪ್ಪ ಮಾಸ್ತರರು. ಅವರ ಹೆಂಡತಿ ಪ್ರೇಮವ್ವ ಅದೇ ಕಂಪನಿಯಲ್ಲಿ ಪಾತ್ರಧಾರಿಗಳ ಬಟ್ಟೆ ಹೊಲಿಯುತ್ತಿದ್ದರು.

ಜನ ಮಾಸ್ತರರ ಬೆರಳು ನೋಡಿ ತಲೆದೂಗುತ್ತಿದ್ದರು. ನನಗೆ ಹೆಚ್ಚು ಪರಿಚಯವಾದದ್ದು ಅವರ ಪಾದ. ವೀರರಸಕ್ಕೆ ಅದು ದಡದಡ ತುಳಿಯುತ್ತಿತ್ತು, ಅಳುವ ಹಾಡಿಗೆ ಮಗುವಿನ ಬೆನ್ನು ತಟ್ಟಿದಷ್ಟೇ ಮೆಲ್ಲಗೆ.

ಒಂದು ಬೇಸಿಗೆಯಲ್ಲಿ ಆ ಪಾದ ಬದಲಾಯಿತು. ತಾಲೀಮು ಶುರುವಾಗುವಾಗ ಬಲವೇ ಇರುತ್ತಿರಲಿಲ್ಲ. ನಾಲ್ಕಾರು ಸಲ ತುಳಿದ ಮೇಲೆ ಎಲ್ಲಿಂದಲೋ ಶಕ್ತಿ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಇಳಿದುಹೋಗುತ್ತಿತ್ತು. ಸ್ಟೂಲಿನಿಂದ ಏಳಲು ಮಾಸ್ತರರು ನನ್ನನ್ನೇ ಹಿಡಿದುಕೊಳ್ಳುತ್ತಿದ್ದರು. ಬಾಯಿ ಒಣಗುತ್ತದೆಂದು ಹಾಡಿಗೊಮ್ಮೆ ನೀರು ಕುಡಿಯುತ್ತಿದ್ದರು. ಮಂಡಿನೋವಿನ ಎಣ್ಣೆ ಹಚ್ಚಿ ನೋಡಿದ್ದಾಯಿತು, ಗುಣ ಕಾಣಲಿಲ್ಲ.

ಒಂದು ದಿನ ನಾಯಕಿಯ ಹಾಡು ಮೇಲಕ್ಕೇರುವಾಗ ನನ್ನ ತಿದಿ ಬರಿದಾಗಿ ಸ್ವರ ಸತ್ತೇಹೋಯಿತು. ಕಂಪನಿಯ ಮಾಲೀಕರಾದ ಸಂಗನಗೌಡರು ಎಲ್ಲರೆದುರು ರೇಗಿದರು.

“ಮಾಸ್ತರ, ಕುಡದು ಬಂದು ಪೇಟಿ ಮುಂದ ಕುಂದ್ರಬ್ಯಾಡ್ರಿ!”

ಮಾಸ್ತರರು ತಲೆ ತಗ್ಗಿಸಿದರು. ಪ್ರೇಮವ್ವ ಕೈಯಲ್ಲಿದ್ದ ಜರಿಬಟ್ಟೆ ಕೆಳಗಿಟ್ಟು ಎದ್ದು ಬಂದರು.

“ಬೀಡಿ ಸೇದ್ತಾರ, ಅದು ಖರೆ. ಆದ್ರ ಕುಡಿಯಂಗಿಲ್ಲರಿ. ಇವರಿಗೆ ಏನೋ ಆಗೇತಿ. ನಾಳೆ ಹುಬ್ಬಳ್ಳಿಗೆ ಕರಕೊಂಡು ಹೊಂಟೀನಿ.”

ಅವರು ಹೋದರು. ನನ್ನ ಮೇಲೆ ಧೂಳು ಕೂತಿತು. ಕೆಲವು ವಾರಗಳ ನಂತರ ಇಬ್ಬರೂ ಬಂದಾಗ ಮಾಸ್ತರರ ಅಂಗಿ ಮೈಮೇಲೆ ಜೋತಾಡುತ್ತಿತ್ತು.

“ಎದ್ಯಾಗ ಸಣ್ಣ ಗಂಟು ಐತಂತ್ರಿ. ಕ್ಯಾನ್ಸರ್,” ಎಂದರು ಪ್ರೇಮವ್ವ.

ಸಂಗನಗೌಡರು ಮಾಸ್ತರರ ಕಾಲಿನತ್ತ ನೋಡಿದರು. “ಎದಿಗೂ ಕಾಲಿಗೂ ಏನ ಸಂಬಂಧವ್ವ? ಕಾಲಿಗೂ ಇಳದೈತೇನು?”

“ಇಲ್ಲರಿ. ಗಂಟಿನ ಜೋಡಿ ಬಡದಾಡಾಕ ಮೈ ಎದ್ದು ನಿಂತಿತ್ತಂತ. ಗುರುತು ತಪ್ಪಿ ತನ್ನ ನರಕ್ಕ ತಾನ ಹೊಡಿಯಾಕತ್ತೈತಿ. ಬಾಯಿ ಒಣಗೂದೂ ಅದರಿಂದನ. ಪೇಟಿ ತುಳಿದಾಗ ಬಲ ಬಂದು ಹೋಗೂದನ್ನ ಇವರು ಹೇಳಿದ ಮ್ಯಾಲೆ ಡಾಕ್ಟರ್ ನರ ಪರೀಕ್ಷಾ ಮಾಡಿ, ಎದಿ ಸ್ಕ್ಯಾನ್ ಮಾಡ್ಸಿದ್ರು. ಕಾಲು ಸೋತದ್ದಕ್ಕ ಗಂಟು ಬ್ಯಾಗನ ಸಿಕ್ಕೈತಿ, ಔಷಧಕ್ಕ ಬಗ್ಗಬಹುದು ಅಂದಾರ.”

ಗೌಡರು ಮಾಸ್ತರರ ಎರಡೂ ಕೈ ಹಿಡಿದುಕೊಂಡರು. “ತಪ್ಪ ತಿಳಕೊಂಡೆ, ಮಾಸ್ತರ. ಈ ಪೇಟಿ ನಿಮ್ಮನ್ಯಾಗ ಇರಲಿ.”

ಹಾಗೆ ನಾನು ಗದಗಿನ ಅವರ ಪುಟ್ಟ ಮನೆಗೆ ಬಂದೆ. ಚಿಕಿತ್ಸೆಯ ತಿಂಗಳುಗಳು ಸುಲಭವಾಗಿರಲಿಲ್ಲ. ಕೂದಲು ಉದುರಿತು, ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾಸ್ತರರು ನನ್ನ ಮುಂದೆ ಕೂತು ಪೆಡಲು ಒತ್ತಿದರು. ಅದು ಅಲುಗಲಿಲ್ಲ. ಅವರ ಕಣ್ಣೀರು ನನ್ನ ಬಿಳಿ ಕೀಗಳ ಮೇಲೆ ಬಿತ್ತು.

ಪ್ರೇಮವ್ವ ಒಳಗಿನಿಂದ ಬೆಂಚು ಎಳೆದು ತಂದು ಪಕ್ಕಕ್ಕೆ ಕೂತರು. “ನೀವು ನುಡಸ್ರಿ, ನಾ ತುಳೀತೀನಿ.”

“ಇದು ಹೊಲಿಗಿ ಮಷೀನಲ್ಲ.”

“ಕಲಸ್ರಿ ಮತ್ತ.”

ಮೊದಮೊದಲು ಗಾಳಿ ಒಮ್ಮೆ ಉಕ್ಕಿ ಒಮ್ಮೆ ಬತ್ತುತ್ತಿತ್ತು. ನನ್ನ ಸ್ವರ ಬಿಕ್ಕಳಿಸುತ್ತಿತ್ತು. ಅದನ್ನು ಕೇಳಿ ಮಾಸ್ತರರು ಬಹಳ ದಿನಗಳ ನಂತರ ನಕ್ಕರು. ದಿನ ಕಳೆದಂತೆ ಹಾಡಿನ ಏರಿಳಿತ ಪ್ರೇಮವ್ವನ ಪಾದಕ್ಕೆ ಇಳಿಯಿತು.

ಗಂಟು ಕುಗ್ಗುತ್ತ ಬಂತು. ಹಿಂದೆಯೇ, ನಿಧಾನವಾಗಿ, ಕಾಲುಗಳೂ ಮರಳಿದವು. ಡಾಕ್ಟರ ಬಳಿ ತಪಾಸಣೆಗೆ ಹೋಗುವುದು ಇನ್ನೂ ನಿಂತಿಲ್ಲ; ಹೋಗುವ ಹಿಂದಿನ ದಿನ ಮನೆಯಲ್ಲಿ ಮಾತು ಕಡಿಮೆ. ಬಂದ ದಿನ ಮಾತ್ರ ಹಾಡು ಜಾಸ್ತಿ.

ನಾನು ಹಳಬನಾದೆ. ತಿದಿಯ ಚರ್ಮ ಬಿರಿದಲ್ಲೆಲ್ಲ ಪ್ರೇಮವ್ವ ತೇಪೆ ಹಾಕಿದ್ದಾರೆ. ಮೈಯ ಒಂದು ಕಡೆಯ ಕೇಡು ಇನ್ನೆಲ್ಲೋ ದನಿ ಎತ್ತುವುದನ್ನು ನಾನು ಕಂಡೆ. ಒಬ್ಬರ ಬಲ ಇನ್ನೊಬ್ಬರ ಕೈಯಲ್ಲಿ ಹಾಡಾಗುವುದನ್ನೂ ಕಂಡೆ.

ನಿನ್ನೆ ಸಂಜೆ ಮಾಸ್ತರರು ಹೇಳಿದರು: “ಕಾಲು ತಗಿ, ಈಗ ಎರಡೂ ನಾನ ತುಳೀತೀನಿ.”

ಪ್ರೇಮವ್ವ ಒಂದು ಪೆಡಲು ಬಿಟ್ಟುಕೊಟ್ಟರು. ಇನ್ನೊಂದನ್ನು ಬಿಡಲಿಲ್ಲ.

“ಇದು ನಂದು. ಸುರು ಮಾಡ್ರಿ,” ಎಂದರು.