ನಿಲ್ಲಿಸಿದರೂ ದುಡಿಯುವ ಯಂತ್ರ

ಹೊಲಿಗೆಯಕ್ಕನ ತಮ್ಮನಿಗೆ ಮದುವೆಯಾದದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ. ಮದುವೆಗೆ ಮುಂಚೆ ಅವನ ಹತ್ತಿರ ಆಟವಾಡುವ ಕಂಪ್ಯೂಟರೊಂದಿತ್ತು. ಸಣ್ಣ ಬೀರುವಿನಷ್ಟು ದೊಡ್ಡದು, ಪಕ್ಕದಲ್ಲಿ ಗಾಜು, ಗಾಜಿನೊಳಗೆ ಕೆಂಪು ನೀಲಿ ದೀಪ. ಹೊಸ ಹೆಂಡತಿ ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ, "ಈ ಮನೇಲಿ ಒಂದೋ ಇದಿರಬೇಕು, ಇಲ್ಲ ನಾನಿರಬೇಕು" ಅಂದಳು. ತಮ್ಮ ಅವತ್ತು ಸಂಜೆಯೇ ಅದನ್ನು ಎದೆಗವಚಿಕೊಂಡು ಎರಡು ಬೀದಿ ಆಚೆಗಿನ ಅಕ್ಕನ ಮನೆಗೆ ಹೊತ್ತು ತಂದ.

"ಅಕ್ಕಾ, ನಿನ್ನ ಹಿಂದಿನ ಕೊಠಡೀಲಿ ಒಂದು ಮೂಲೆ ಕೊಡು. ಪಾಪ, ಅದರ ಪಾಡಿಗೆ ಅದಿರುತ್ತೆ."

ಹೊಲಿಗೆಯಕ್ಕ ಬೇಡ ಅನ್ನಬೇಕಿತ್ತು. ಆ ಕೊಠಡಿಗಾಗಿ ಅವಳು ಕಾದ ಕಾಲ ಕಡಿಮೆಯೇನಲ್ಲ. ಹಳೇ ಟ್ರಂಕು, ಮುರಿದ ಮಂಚ, ಗಂಡನ ಅಂಗಡಿಯ ಖಾಲಿ ರಟ್ಟಿನ ಪೆಟ್ಟಿಗೆ, ಎಲ್ಲವನ್ನೂ ಒಂದೊಂದಾಗಿ ಸಾಗಹಾಕಿ, ಗೋಡೆಗೆ ಸುಣ್ಣ ಬಳಿಸಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಎಲ್ಲಿ ಬರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಹೊಲಿಗೆ ಕಲಿಯಲು ನಾಲ್ವರು ಹೆಂಗಸರು ದುಂಬಾಲು ಬಿದ್ದಿದ್ದರು. "ಬರೋ ತಿಂಗಳಿಂದ ಬನ್ರಮ್ಮ" ಎಂದು ಮಾತೂ ಕೊಟ್ಟಾಗಿತ್ತು. ಆದರೆ ಎದುರಿಗೆ ನಿಂತವನು ತಮ್ಮ, ಮುಖ ನೋಡಿದರೆ ಈಗಲೋ ಆಗಲೋ ಅಳುವ ಹಾಗಿದ್ದ. "ಇಟ್ಟು ಹೋಗು, ತಿಂಗಳೊಳಗೆ ಒಯ್ಯಬೇಕು" ಅಂದಳು.

ಅವನು ಇಟ್ಟು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಚಹಾ ಕುಡಿಯುತ್ತ ಬಾಯಿ ಬಿಟ್ಟ.

"ಭಾವ, ಇದರೊಳಗಿರೋ ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ, ಅದು ಬರೀ ಆಟಕ್ಕಲ್ಲ. ಇಂಟರ್ನೆಟ್ಟಿನಲ್ಲಿ ಲೆಕ್ಕ ಮಾಡೋಕೆ ಹಚ್ಚಿದ್ರೆ ಅದೇ ನಾಣ್ಯ ದುಡಿಯುತ್ತೆ. ಕ್ರಿಪ್ಟೋ ಮೈನಿಂಗ್ ಅಂತಾರೆ. ಮನುಷ್ಯ ಏನೂ ಮಾಡೋ ಹಾಗಿಲ್ಲ, ಸುಮ್ಮನೆ ಕೂತಿರಬೇಕು."

ಸುಮ್ಮನೆ ಕೂತಿರಬೇಕು ಅಂದದ್ದೇ ತಡ, ಭಾವನ ಕಿವಿ ನೆಟ್ಟಗಾಯಿತು.

ಭಾವನಿಗೆ ಬೀದಿಯವರು ಇಟ್ಟ ಹೆಸರು ಪಡಿಯಚ್ಚು. ಬೀದಿ ಕೊನೆಯಲ್ಲಿ ಅವನದು ಜೆರಾಕ್ಸ್ ಅಂಗಡಿ. ಆ ಕೆಲಸದಲ್ಲಿ ಅವನಿಗೆ ಎರಡು ನೇಮ. ಕೊಟ್ಟದ್ದು ಕೊಟ್ಟ ಹಾಗೇ ಬರಬೇಕು, ಚಹಾದ ಕಲೆಯಿದ್ದರೆ ಕಲೆಯೂ ಬರಬೇಕು. ಮತ್ತೆ, ಗಿರಾಕಿಯ ಕಾಗದವನ್ನು ಓದಬಾರದು. "ನನ್ನ ಕೈಮೇಲೆ ಎಷ್ಟು ಜನರ ಗುಟ್ಟು ಹಾದುಹೋಗಿದೆ ಗೊತ್ತಾ? ಒಂದಕ್ಷರ ಓದಿಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಅದು ನಿಜವೂ ಆಗಿತ್ತು. ಅಕ್ಷರ ಅವನ ಕಣ್ಣಿಗೆ ಬೀಳುತ್ತಿತ್ತೇ ಹೊರತು ಒಳಕ್ಕೆ ಇಳಿಯುತ್ತಿರಲಿಲ್ಲ.

ಮಾರನೆಯ ದಿನವೇ ಅವನು ಇಂಟರ್ನೆಟ್ಟಿನಿಂದ ಮೈನಿಂಗಿನ ಕೈಪಿಡಿಯೊಂದನ್ನು ತೆಗೆದು, ಪ್ರಿಂಟ್ ಹಾಕಿ, ಪ್ರತಿ ಹಾಳೆಗೂ ಲ್ಯಾಮಿನೇಷನ್ ಮಾಡಿಸಿಕೊಂಡು ಮನೆಗೆ ಬಂದ.

"ಆ ಕೊಠಡಿ ನನಗೆ ಬೇಕು ಕಣೇ."

"ಆಗಲ್ಲ ರೀ. ನಾಲ್ಕು ಜನಕ್ಕೆ ಮಾತು ಕೊಟ್ಟಿದ್ದೀನಿ."

"ಅವರು ಕೂತು ಹೊಲೀಬೇಕು. ಇದು ತಾನೇ ದುಡಿಯುತ್ತೆ."

"ತಾನೇ ದುಡಿಯೋದನ್ನ ಈ ಮನೇಲಿ ನಾನಿನ್ನೂ ನೋಡಿಲ್ಲ" ಅಂದಳು ಹೊಲಿಗೆಯಕ್ಕ, ಗಂಡನನ್ನೇ ನೋಡುತ್ತ.

ಮಾತಿಗೆ ಮಾತು ಬೆಳೆದು ಪಂದ್ಯಕ್ಕೆ ಬಂತು. ತಿಂಗಳ ಕೊನೆಯ ದಿನ ದೀಪ ಹಚ್ಚುವ ಹೊತ್ತಿಗೆ ಆ ಯಂತ್ರ ಒಂದು ಕಾಳಿನಷ್ಟಾದರೂ ದುಡಿದಿದ್ದರೆ ಕೊಠಡಿ ಅವನದು. ಇಲ್ಲದಿದ್ದರೆ ಅವಳದು, ಆಮೇಲೆ ಅವನು ಉಸಿರೆತ್ತುವ ಹಾಗಿಲ್ಲ. ತೀರ್ಪು ಹೇಳಲು ತಮ್ಮ.

ಯಂತ್ರ ಮೊದಲ ದಿನವೇ ಸತಾಯಿಸಿತು. ಪಡಿಯಚ್ಚು ಮೈನಿಂಗಿನ ತಂತ್ರಾಂಶ ಇಳಿಸಿಕೊಂಡ, ಅದು ಮಾಯವಾಯಿತು. ಮತ್ತೆ ಇಳಿಸಿದ, ಮತ್ತೆ ಮಾಯ. ತಮ್ಮ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕಂಪ್ಯೂಟರಿನ ಆಂಟಿವೈರಸ್ ಇದನ್ನ ಕಳ್ಳ ಅಂದ್ಕೊಂಡು ಅಳಿಸ್ತಾ ಇದೆ ಭಾವ."

"ಮನೆ ಯಜಮಾನ ನಾನೇ ಕರ್ಕೊಂಡು ಬಂದಿದ್ದೀನಿ ಅಂತ ಹೇಳೋ ಅದಕ್ಕೆ!"

ಹೇಳಿದ್ದಾಯಿತು. ಆಗ ಪರದೆ ಕಪ್ಪಾಗಿ ಕೂತಿತು. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಹಳೆಯದಂತೆ, ಅದನ್ನು ಕಿತ್ತು ಹೊಸದು ಹಾಕಿದರು. ಆಮೇಲೆ ಒಂದು ಗಳಿಗೆ ಓಡುವುದು, ಜೋರಾಗಿ ಗುಂಯ್‌ಗುಟ್ಟುವುದು, ಗಪ್ಪನೆ ನಿಲ್ಲುವುದು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಹೊಲಿಗೆಯಕ್ಕ ನಡುಮನೆಯಲ್ಲಿ ಹೊಲಿಯುತ್ತ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅದು ಕೆಟ್ಟರೆ ಅವಳಿಗೇ ಲಾಭ. ಆದರೆ ಆ ಗುಂಯ್ ಸದ್ದು ಅವಳಿಗೆ ಸಹಿಸಲಾಗದು. ಎಣ್ಣೆ ಕಾಣದ ಹೊಲಿಗೆ ಯಂತ್ರ ನರಳಿದರೂ ಅವಳಿಗೆ ಹಾಗೇ, ಹಲ್ಲು ಜುಂ ಅನ್ನುತ್ತಿತ್ತು. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಎದ್ದು ಹೋಗಿ, "ಮೊದಲು ಆರಿಸಿ, ಗಾಜು ತೆಗೀರಿ" ಅಂದಳು. ಕಾರ್ಡಿನ ಫ್ಯಾನಿಗೆ ನೂಲು ಸುತ್ತಿಕೊಂಡಿತ್ತು, ಅವಳದೇ ಬಟ್ಟೆಯ ನಾರಿನ ಧೂಳು ಹಾಸಿಗೆಯಂತೆ ಕೂತಿತ್ತು. ತನ್ನ ಯಂತ್ರದ ಕುಂಚ ತಂದು ಗುಡಿಸಿದಳು, ಚಿಮುಟದಿಂದ ನೂಲು ಎಳೆದಳು. ತಮ್ಮ ಕಾರ್ಡಿಗೆ ಹೋಗುವ ಕರೆಂಟನ್ನು ಸ್ವಲ್ಪ ಕಡಿಮೆಯಿಟ್ಟ. ಯಂತ್ರ ಹಾಲು ಕುಡಿದ ಮಗುವಿನ ಹಾಗೆ ಮೆಲ್ಲಗೆ ಉಸಿರಾಡತೊಡಗಿತು.

"ನೀನ್ಯಾರ ಕಡೆ ಅಕ್ಕಾ?" ಎಂದು ತಮ್ಮ ಕೇಳಿದ.

"ನಾನು ಯಾರ ಕಡೆಯೂ ಅಲ್ಲ. ಸದ್ದು ಸರಿಯಿರಲಿಲ್ಲ, ಅಷ್ಟೆ."

ಉಳಿದದ್ದು ಒಂದೇ ತಕರಾರು. ಇದು ಓಡುವಾಗ ಅವಳು ಇಸ್ತ್ರಿ ಪೆಟ್ಟಿಗೆ ಹಾಕಿದರೆ ಮನೆಯ ಫ್ಯೂಸ್ ಟಪ್ಪೆಂದು ಹೋಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಒಂದಷ್ಟು ಹೊತ್ತು ಇಸ್ತ್ರಿಗೆ, ಮಿಕ್ಕ ಹೊತ್ತು ಯಂತ್ರಕ್ಕೆ ಎಂದು ಗೊತ್ತು ಮಾಡಿಕೊಂಡರು.

ಇಷ್ಟಾದ ಮೇಲೆ ಪಡಿಯಚ್ಚು ಲ್ಯಾಮಿನೇಷನ್ ಹಾಳೆಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಯಂತ್ರಕ್ಕೆ ಕೊಡಬೇಕಾದ ಸಾಲುಗಳನ್ನು ಒಬ್ಬನೇ ಕೂತು ಕೀಬೋರ್ಡಿನಲ್ಲಿ ಬಡಿದ. ತಮ್ಮ ಸಹಾಯಕ್ಕೆ ಬಂದರೆ, "ನಕಲು ಮಾಡೋದನ್ನ ನೀನು ನನಗೆ ಹೇಳಿಕೊಡಬೇಡ" ಎಂದು ಅಟ್ಟಿದ. ಪರದೆಯ ಮೇಲೆ ಹಸಿರು ಅಕ್ಷರ ಓಡಿತು. ನಾಣ್ಯದ ಲೆಕ್ಕ ಮೊಬೈಲಿನಲ್ಲೂ ಕಾಣುತ್ತದಂತೆ, ಅದನ್ನೂ ಹಾಳೆ ನೋಡಿಕೊಂಡೇ ತೆರೆದ. ತೆರೆದವನು ಹೌಹಾರಿದ.

"ಲೇ, ಬಾರೇ ಇಲ್ಲಿ! ಈಗಿನ್ನೂ ಶುರು ಮಾಡಿದ್ದೀನಿ, ಆಗಲೇ ನೋಡು!"

ಲೆಕ್ಕದ ಅಂಕಿ ಗಳಿಗೆಗೊಮ್ಮೆ ಏರುತ್ತಿತ್ತು. ಕಾಳಲ್ಲ, ಮೂಟೆ. ಅವತ್ತು ರಾತ್ರಿ ಹೊಲಿಗೆಯಕ್ಕ ಅನ್ನದ ಮೇಲೆ ಮತ್ತೆ ಅನ್ನವನ್ನೇ ಬಡಿಸಿದಳು. ಅವನೋ, ಮನೆಯೊಳಗೆ ಓಡಾಡುವಾಗಲೂ ಸಿಳ್ಳೆ. ಅಂಗಡಿಗೆ ಬಂದವರಿಗೆಲ್ಲ ಮೊಬೈಲ್ ತೋರಿಸಿದ. ಇನ್ನೊಂದು ಕಾರ್ಡ್ ಕೊಂಡು ಕೊಠಡಿಯ ಇನ್ನೊಂದು ಮೂಲೆಯಲ್ಲಿಡುವ ಮಾತೂ ಆಡಿದ. ಅಂಗಡಿಯ ವ್ಯಾಪಾರ ಮಂಕಾದ ಮೇಲೆ ಅವನ ಮುಖದಲ್ಲಿ ಇಂಥ ಕಳೆ ಬಂದದ್ದನ್ನು ಅವಳು ನೋಡಿರಲೇ ಇಲ್ಲ. ಅದೇ ಅವಳನ್ನು ಕಟ್ಟಿಹಾಕಿತ್ತು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಅವನು ಅಂಗಡಿಗೆ ಹೋದ ಮೇಲೆ ಅವಳು ಹಿಂದಿನ ಕೊಠಡಿಗೆ ಹೋಗಿ, ನೆಲದ ಸೀಮೆಸುಣ್ಣದ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮನಸ್ಸು ಎಲ್ಲೋ ಇತ್ತು. ನಡುಮನೆಗೆ ಬಂದು, ಹೊತ್ತು ಮೀರಿದ್ದನ್ನೂ ನೋಡದೆ, ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಟಪ್! ಫ್ಯಾನು ನಿಂತಿತು, ಹಿಂದಿನ ಕೊಠಡಿಯ ಉಸಿರೂ ನಿಂತಿತು.

"ಅಯ್ಯೋ, ಬೇಕಂತಲೇ ಮಾಡಿದಳು ಅಂತಾನೆ" ಎಂದುಕೊಳ್ಳುತ್ತ ಓಡಿಹೋಗಿ ಯಂತ್ರದ ಮುಂದೆ ನಿಂತಳು. ಕೆಂಪಿಲ್ಲ, ನೀಲಿಯಿಲ್ಲ, ಪರದೆ ಕಪ್ಪು. ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು.

"ಲೇ!" ಗಂಡನ ದನಿ ಕುಣಿಯುತ್ತಿತ್ತು. "ಈಗಷ್ಟೇ ಮತ್ತೆ ಏರಿತು ಕಣೇ! ಎಷ್ಟು ಚೆನ್ನಾಗಿ ಓಡ್ತಾ ಇದೆ ನೋಡು!"

ಹೊಲಿಗೆಯಕ್ಕ ಸತ್ತ ಯಂತ್ರವನ್ನು ನೋಡಿದಳು. ಅದರ ಮೈಮೇಲೆ ಕೈಯಿಟ್ಟಳು, ಆರುತ್ತಿತ್ತು.

"ಏನ್ರೀ ಅಂದ್ರಿ? ಓಡ್ತಾ ಇದೆಯಾ?"

"ಕುದುರೆ ಹಾಗೆ! ಅಗೋ, ಇನ್ನೊಂದು!"

"ಸ್ವಲ್ಪ ಮನೆಗೆ ಬಂದು ಹೋಗಿ" ಅಂದಳು.

ಅವನು ಬರುವಷ್ಟರಲ್ಲಿ ಫ್ಯೂಸ್ ಹಾಕಿ ಯಂತ್ರವನ್ನು ಓಡಲು ಬಿಟ್ಟಿದ್ದಳು. ಕಂಡದ್ದನ್ನು ಅವಳೇ ಹೇಳಿಬಿಡಬಹುದಿತ್ತು. ಆದರೆ ಅವನೇ ಕಾಣಲಿ ಎನಿಸಿತು.

"ಒಂದು ಸಲ ನೀವೇ ಆರಿಸಿ, ಮೊಬೈಲ್ ನೋಡ್ತಾ ಇರಿ."

ಅವನು ಗೊಣಗುತ್ತ ಆರಿಸಿದ. ಇಬ್ಬರೂ ತಲೆ ಬಗ್ಗಿಸಿ ಮೊಬೈಲ್ ನೋಡಿದರು. ಅಂಕಿ ಏರಿತು. ಮತ್ತೆ ಏರಿತು.

ಪಡಿಯಚ್ಚಿನ ಕಣ್ಣು ಅರಳಿತು. "ಅಬ್ಬಾ! ನಿಲ್ಲಿಸಿದ್ರೂ ದುಡಿಯುತ್ತಲ್ಲೇ ಇದು! ಕರೆಂಟೇ ಬೇಡ!"

ಹೊಲಿಗೆಯಕ್ಕ ಬಿಚ್ಚಿ ಹೊಲಿಯಬೇಕಾದ ಬಟ್ಟೆ ಹಿಡಿದುಕೊಂಡ ಹಾಗೆ ಅವನ ಮುಖವನ್ನೇ ನೋಡುತ್ತ ಕೂತಳು. ಅರಳಿದ ಕಣ್ಣು ನಿಧಾನವಾಗಿ ಕಿರಿದಾಯಿತು. ಅವನು ಪ್ಲಗ್ಗನ್ನೂ ಕಿತ್ತ. ಅಂಕಿ ಏರಿತು. ವೈರನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿದ. ಮತ್ತೂ ಏರಿತು.

"ನಿನ್ನ ತಮ್ಮನ್ನ ಕರಿಯೇ" ಅಂದ, ಸಣ್ಣ ದನಿಯಲ್ಲಿ.

ತಮ್ಮ ಬಂದು ಯಂತ್ರ ಹಚ್ಚಿ, ಭಾವ ಬಡಿದ ಸಾಲುಗಳನ್ನು ತೆರೆದ. ಓದಿದ. ಭಾವನ ಮುಖ ನೋಡಿದ. ಮತ್ತೆ ಓದಿದ.

"ಭಾವ, ದುಡಿದ ನಾಣ್ಯ ಎಲ್ಲಿಗೆ ಹೋಗಬೇಕು ಅಂತ ಒಂದು ಉದ್ದನೆಯ ವಿಳಾಸ ಹಾಕಬೇಕು. ನಿಮ್ಮದನ್ನ ನಾನು ಮಾಡಿಕೊಟ್ಟಿದ್ದೆನಲ್ಲ, ಎಲ್ಲಿಟ್ರಿ?"

"ಭದ್ರವಾಗಿ ಬೀರುವಿನಲ್ಲಿಟ್ಟಿದ್ದೀನಿ. ಓದಿಲ್ಲ."

"ಮತ್ತೆ ಇಲ್ಲಿ ಯಾರದ್ದು ಹಾಕಿದ್ದೀರಿ?"

"ಹಾಳೇಲಿ ಇದ್ದದ್ದು. ಇದ್ದ ಹಾಗೇ. ಒಂದು ಚುಕ್ಕೆ ಹೆಚ್ಚುಕಮ್ಮಿಯಿಲ್ಲ, ಬೇಕಾದರೆ ತಾಳೆ ನೋಡು."

"ತಾಳೆ ಆಗ್ತಾ ಇದೆ ಭಾವ. ಅದೇ ಕಷ್ಟ. ಅದು ಕೈಪಿಡಿ ಬರೆದವನ ವಿಳಾಸ. ಅದರ ಮೇಲಿನ ಸಾಲು ನೋಡಿ. 'ಇದು ಬರೀ ಮಾದರಿ, ಇಲ್ಲಿ ನಿಮ್ಮ ಸ್ವಂತ ವಿಳಾಸ ಹಾಕಿ.' ಇದನ್ನೂ ನಕಲು ಮಾಡಿದ್ದೀರಿ!"

ತಮ್ಮ ಲೆಕ್ಕದ ಪುಟವನ್ನು ಕೆಳಗೆಳೆದ. ಆ ವಿಳಾಸಕ್ಕೆ ದುಡಿಯುತ್ತಿದ್ದ ಯಂತ್ರಗಳ ಪಟ್ಟಿ ಬಂತು. ಒಂದರ ಕೆಳಗೊಂದು, ಎಲ್ಲದರ ಹೆಸರೂ 'ಮಾದರಿ-೧'. ಬೆರಳಿಂದ ನೂಕಿದಷ್ಟೂ ಮುಗಿಯಲೊಲ್ಲದು.

"ನಿಮ್ಮದು ನಿಂತರೂ ಇವೆಲ್ಲ ಓಡ್ತಾನೇ ಇರ್ತವೆ, ಅದಕ್ಕೇ ಅಂಕಿ ಏರ್ತಿತ್ತು. ಸಮಾಧಾನ ಮಾಡ್ಕೊಳ್ಳಿ. ಲೋಕದಲ್ಲಿ ಓದದೆ ನಕಲು ಮಾಡೋರು ನೀವೊಬ್ಬರೇ ಅಲ್ಲ."

ಹೊಲಿಗೆಯಕ್ಕನಿಗೆ ನಗು ಉಕ್ಕಿ ಬಂತು. ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಮುಖ ಹಿಂಡಿದ ಬಟ್ಟೆಯಂತಾಗಿತ್ತು, ಅದನ್ನು ನೋಡಿ ನಗು ಅಲ್ಲೇ ನಿಂತಿತು.

"ಹೊತ್ತು ಮುಳುಗೋಕೆ ಇನ್ನೂ ಟೈಮಿದೆ" ಅಂದಳು. "ನಿಮ್ಮ ವಿಳಾಸ ಹಾಕಿ ಓಡಿಸಿ."

ತಮ್ಮ ಬೆಕ್ಕಸ ಬೆರಗಾಗಿ, "ಅಕ್ಕಾ, ನೀನು ಗೆದ್ದಾಗಿದೆ!" ಅಂದ.

"ದೀಪ ಹಚ್ಚೋ ಹೊತ್ತು ಅಂತ ಮಾತಾಗಿತ್ತು. ಇನ್ನೂ ಹಚ್ಚಿಲ್ಲ."

ಪಡಿಯಚ್ಚು ಬೀರುವಿನಿಂದ ತನ್ನ ವಿಳಾಸ ತಂದು, ಈ ಸಲ ಒಂದೊಂದಕ್ಷರವನ್ನೂ ಬಾಯಿಬಿಟ್ಟು ಓದುತ್ತ ಬಡಿದ. ಲೆಕ್ಕ ಸೊನ್ನೆಯಿಂದ ಶುರುವಾಯಿತು. ಸೊನ್ನೆಯಲ್ಲೇ ಕೂತಿತು. ಮಧ್ಯಾಹ್ನ ಕಳೆಯಿತು. ಸಂಜೆ ಊರಿಗೆ ಹೊರಡಬೇಕಿದ್ದ ಗಿರಾಕಿಯೊಬ್ಬಳು ಹೊಲಿಯಲು ಕೊಟ್ಟ ಕೋಟು ಒಯ್ಯಲು ಬಂದು ಬಾಗಿಲಲ್ಲಿ ನಿಂತಳು. ಇಸ್ತ್ರಿ ಮಾಡದೆ ಕೊಡುವ ಹಾಗಿಲ್ಲ. ಹೊಲಿಗೆಯಕ್ಕ ಇಸ್ತ್ರಿ ಪೆಟ್ಟಿಗೆ ಕೈಗೆತ್ತಿಕೊಂಡಳು. ಒಂದು ಸ್ವಿಚ್ಚು. ಮರೆವಿನಿಂದ ಆಯಿತೆಂದರೆ ಯಾರು ಏನು ಅಂದಾರು? ಹಿಂದಿನ ಕೊಠಡಿಯಿಂದ ಗಂಡನ ಕೆಮ್ಮು ಕೇಳಿಸಿತು, ಕುರ್ಚಿ ಕಿರುಗುಟ್ಟಿತು. ಅವಳು ಕೋಟು ಮತ್ತು ಪೆಟ್ಟಿಗೆ ಎರಡನ್ನೂ ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಅವರ ಮೇಜಿನ ಮೇಲೆ ಇಸ್ತ್ರಿ ಮಾಡಿ ತಂದಳು.

ಹೊತ್ತು ಮುಳುಗುವ ಮೊದಲು ಲೆಕ್ಕ ಅಲುಗಾಡಿತು. ಸೊನ್ನೆ, ಚುಕ್ಕೆ, ಮತ್ತೆ ಸಾಲುಸಾಲು ಸೊನ್ನೆ, ಕೊನೆಯಲ್ಲಿ ಮೂರರ ಅಂಕಿ.

"ಇದು ಕಾಳೇನೋ?" ಎಂದು ಪಡಿಯಚ್ಚು ಕನ್ನಡಕ ಏರಿಸಿದ.

"ಕಾಳಿನ ಹೊಟ್ಟು ಭಾವ. ಆದ್ರೆ ದುಡಿದದ್ದು ದುಡಿದದ್ದೇ." ತಮ್ಮ ಅಕ್ಕನ ಮುಖ ನೋಡದೆ ತೀರ್ಪು ಹೇಳಿದ.

"ಸರಿ, ಕೊಠಡಿ ನಿಮ್ಮದು" ಅಂದಳು ಹೊಲಿಗೆಯಕ್ಕ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ಮಾರನೆಯ ದಿನ ನಾಲ್ವರೂ ಹೆಂಗಸರು ಬಂದರು. ಕೊಟ್ಟ ಮಾತು ಕೊಟ್ಟದ್ದೇ, ಅವಳು ಅವರನ್ನು ನಡುಮನೆಯಲ್ಲೇ ಕೂರಿಸಿದಳು. ಒಬ್ಬಳು ಟೀವಿಯ ಮುಂದೆ, ಒಬ್ಬಳು ಬಾಗಿಲಿಗೆ ಅಡ್ಡ, ಇನ್ನಿಬ್ಬರು ನೆಲದ ತುಂಬ ಕಾಗದ ಹರಡಿಕೊಂಡು. ಹಿಂದಿನ ಕೊಠಡಿಯಲ್ಲಿ ಪಡಿಯಚ್ಚು ಯಂತ್ರದ ಬಿಸಿಗೆ ಬೆವರುತ್ತ ಮೊಬೈಲ್ ನೋಡುತ್ತ ಕೂತಿದ್ದ. ಮೂರು ಇದ್ದದ್ದು ಐದಾಗಿತ್ತು. ಅದನ್ನು ಯಾರಿಗೆ ತೋರಿಸುವುದು? ನಡುಮನೆಯಲ್ಲಿ ನಗು ಅಲೆಅಲೆಯಾಗಿ ಏಳುತ್ತಿತ್ತು.

ನೀರು ಕುಡಿಯುವ ನೆಪದಲ್ಲಿ ಎದ್ದು ಬಂದ.

"ಅಣ್ಣಾ, ಕಾಲು! ಕಾಗದ ತುಳೀಬೇಡಿ!"

"ಅಣ್ಣಾ, ಹಾಗೇ ನಿಂತ್ಕೊಳ್ಳಿ, ಅಲ್ಲಾಡಬೇಡಿ" ಅಂದಳು ಇನ್ನೊಬ್ಬಳು. "ಅಕ್ಕಾ, ಭುಜದ ಅಳತೆ ಇವರ ಮೇಲೇ ತೋರಿಸಿ."

ಹೊಲಿಗೆಯಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗಂಡನ ಹೆಗಲಿಗೆ ಬಟ್ಟೆ ಹೊದಿಸಿದಳು. ಒಂದು ತೋಳು ಬಂತು, ಕಾಲರ್ ಬಂತು. ನಾಲ್ವರೂ ಸುತ್ತ ನಿಂತು ಬಗ್ಗಿ ನೋಡಿದರು. ಅವನು ಕೈ ಎತ್ತಿದರೆ ಸೂಜಿ, ಇಳಿಸಿದರೆ ಸೂಜಿ. ನೀರಿನ ಲೋಟ ಅಡುಗೆಮನೆಯಲ್ಲೇ ಉಳಿಯಿತು.

"ಲೇ," ಅಂದ ಕೊನೆಗೆ, ಕತ್ತು ಅಲ್ಲಾಡಿಸದೆ. "ಆ ಕೊಠಡಿ ನೀನೇ ತಗೊಳ್ಳೇ. ನನಗೆ ಈ ನಡುಮನೆ ಬಿಟ್ಟುಕೊಡು ಸಾಕು."

ಹೆಂಗಸರು ಅಕ್ಕನ ಮುಖ ನೋಡಿದರು. ಬಾಯ್ತುಂಬ ಗುಂಡುಸೂಜಿಯಿತ್ತು, ಅವಳು ಉತ್ತರ ಹೇಳುವ ಹಾಗಿರಲಿಲ್ಲ, ನಗುವ ಹಾಗಂತೂ ಇರಲೇ ಇಲ್ಲ. ಒಂದೊಂದೇ ಸೂಜಿಯನ್ನು ಅವನ ಬೆನ್ನ ಮೇಲಿನ ಬಟ್ಟೆಗೆ, ನಿಧಾನವಾಗಿ, ಸಾಲು ತಪ್ಪದ ಹಾಗೆ ಸಿಕ್ಕಿಸುತ್ತ ಹೋದಳು.