ಕುರ್ಚಿ ಇಲ್ಲದ ದೇಶ

ಕಿರ್ರೆನ್ನುತ್ತಿದೆ ಬೂಟು, ನಮ್ಮ ಕಾಲೇಜಿನ ಮುರುಗೇಂದ್ರಪ್ಪ ಮೇಷ್ಟ್ರದೇ, ಚಳ್ಳಕೆರೆಯ ಈ ಶಾಲೆಯ ಜಗಲಿಯಲ್ಲಿ ಇನ್ಯಾರ ಕಾಲಿಗಿದೆ ಅಂಥದ್ದು, ಕರೀ ಬೂಟು, ದಾರ ಎರಡು ಸುತ್ತು ಬಿಗಿದು ಗಂಟು ಹಾಕಿದ್ದು, ಬರಲಿ, ನಾನು ಏಳುವುದಿಲ್ಲ, ಕಂಬಳಿ ಹಾಸಿ ಕೂತಾಗಿದೆ — ಮೂರು ತಿಂಗಳು ಈ ಸಭೆಗೆ ಓಡಾಡಿದವರು ಯಾರು, ನಾನು ಮತ್ತು ಮೊಳಕಾಲ್ಮೂರಿನ ಚೌಡೇಶ, ವಿಶ್ವವಿದ್ಯಾನಿಲಯದ ನಾವು ಹದಿಮೂರು ಜನ ಒಬ್ಬೊಬ್ಬರು ಒಂದೊಂದು ದೇಶವಾಗಿ ಕೂತು ಯುದ್ಧ ನಿಲ್ಲಿಸುವ ಮಾತಾಡುವುದು, ಜಿನೀವಾದ ರಾಷ್ಟ್ರಸಂಘದಲ್ಲಿ ದೊಡ್ಡವರು ಮಾಡುವುದನ್ನು ಬೇಸಿಗೆ ರಜೆಯಲ್ಲಿ ನಮ್ಮ ಸೀಮೆಯಲ್ಲಿ ಮಾಡಿ ತೋರಿಸುವುದು, ಕಾಗದ ಬರೆದದ್ದು ನಾನು, ಹಲಗೆಗಳ ಮೇಲೆ ದೇಶದ ಹೆಸರು ಬರೆದದ್ದು ಚೌಡೇಶ, ಅವರ ಮನೆಯ ಮಗ್ಗದ ರೇಷ್ಮೆಗೆ ಹಾಕುವ ಬಣ್ಣದಲ್ಲೇ, ಜಪಾನಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಚೀಟಿ ಎತ್ತಿದಾಗ ನನಗೆ ಇಂಡಿಯಾ ಬಂತು, ಎಲ್ಲರೆದುರಿಗೇ ಬಂತು, ನಿನ್ನೆ ಸಂಜೆ, ಇಂಡಿಯಾವನ್ನು ಇಂಡಿಯಾದವರಿಗೇ ಬಿಡಿ ಎಂದು ಬರೆದ ನನ್ನ ಭಾಷಣ ಓದಿ ನೋಡಿದ ಮೇಷ್ಟ್ರು ಮುಖ ಗಂಟಿಕ್ಕಿ ಹೇಳಿದ್ದೇನು, ಇಂಡಿಯಾ ಮಾತಾಡೋದು ಬೇಡ ಗಾದ್ರಪ್ಪ, ಅದರ ಪರವಾಗಿ ಇಂಗ್ಲೆಂಡೇ ಮಾತಾಡುತ್ತೆ, ಅಮಲ್ದಾರರು ಬರ್ತಾರೆ, ನೀನು ಗಂಟೆ ಬಾರಿಸು ಸಾಕು. ಗಂಟೆ ಬಾರಿಸಬೇಕಂತೆ ನಾನು. ಬೆಳಿಗ್ಗೆ ಬಂದು ನೋಡಿದರೆ ಹನ್ನೆರಡೇ ಕುರ್ಚಿ, ಹದಿಮೂರನೆಯದನ್ನು ಎತ್ತಿಸಿದ್ದಾರೆ, ಇಂಡಿಯಾದ ಹಲಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ.

ಸಿಟ್ಟು ಬಂತು, ಕುರ್ಚಿ ಬೇಡವೆಂದರೆ ಬೇಡ, ಹಲಗೆಗಳನ್ನು ಸುತ್ತಿ ತಂದಿದ್ದ ಅಪ್ಪನ ಕರಿಕಂಬಳಿ ಇತ್ತಲ್ಲ, ಕೊಡವಿ ಹಾಸಿದೆ, ಹಲಗೆ ಮುಂದಿಟ್ಟುಕೊಂಡು ಕೂತೆ, ನಮ್ಮೂರು ನನ್ನಿವಾಳದಲ್ಲಿ ಅಪ್ಪ ನ್ಯಾಯಕ್ಕೆ ಕೂರುವ ಹಾಗೆಯೇ, ನಾನು ಚಿಕ್ಕವನಿದ್ದಾಗ ಬೇವಿನ ಕೆಳಗೆ ಕೂರಿಸಿಕೊಂಡು ಹೇಳಿದ್ದ, ನ್ಯಾಯಕ್ಕೆ ಹಾಸಿದ ಕಂಬಳಿ ಮ್ಯಾಲೆ ಸುಳ್ಳಾಡಬಾರದು ಮಗ, ಕೆರ ಮೆಟ್ಟಿದೋನು ಹತ್ತಬಾರದು, ತೀರ್ಮಾನ ಆಗಾಗಂಟ ಕುಂತೋನು ಏಳಬಾರದು — ಅಷ್ಟರಲ್ಲಿ ಬಂದೇಬಿಟ್ಟವು ಬೂಟು, ಅಂಚಿನಿಂದ ನಾಲ್ಕೇ ಬೆರಳು ದೂರ, ಏ ಕ್ಯಾತಪ್ಪ, ಸುತ್ತಿಡು ಅದನ್ನ, ಜವಾನ ಕ್ಯಾತಪ್ಪ ಬಾಗಿಲಲ್ಲೇ ಕೆರ ಬಿಟ್ಟು ಕೈಕಟ್ಟಿ ನಿಂತ, ಹಾಸಿದ ಕಂಬಳಿ ಐತೆ ಸ್ವಾಮಿ, ತೀರ್ಮಾನ ಆಗದೆ ನಾನೆಂಗೆ ಮುಟ್ಲಿ, ನೌಕರಿ ಹೋದ್ರೆ ಹೋಗ್ಲಿ, ನನ್ನ ಕಡೆ ನೋಡಲೂ ಇಲ್ಲ ಆತ, ಕಂಬಳಿಯನ್ನೇ ನೋಡುತ್ತಿದ್ದ. ಮೇಷ್ಟ್ರ ದನಿ ಏರಿತು, ಏಳು ಗಾದ್ರಪ್ಪ, ಸರ್ಕಾರದ ವಿದ್ಯಾರ್ಥಿವೇತನ ತಿಂದು ಉಂಡ ಮನೆಯ ಜಂತಿ ಎಣಿಸ್ತೀಯಾ, ಕಾಲೇಜಿನಿಂದ ಹೆಸರು ಹೊಡೆಸ್ತೀನಿ, ಹೊಡೆಸಿಬಿಡುತ್ತಾರೆ, ನಮ್ಮ ಹಟ್ಟಿಯಲ್ಲಿ ಅಕ್ಷರ ಕಲಿತವನು ನಾನೊಬ್ಬನೇ, ಮಗ ಬಿ.ಎ. ಆಗ್ತಾನೆ ಅಂತ ಅವ್ವ ಊರೆಲ್ಲ ಸಾರಿದ್ದಾಳೆ, ಆದರೂ ಹೇಳಿದೆ, ಮನೆ ನಮ್ಮದೇ ಸಾರ್, ಜಂತಿ ನಾವು ಎಣಿಸದೆ ಇನ್ಯಾರು ಎಣಿಸ್ಬೇಕು, ಹೆಸರು ಹೊಡೆಸ್ರಿ, ತೀರ್ಮಾನ ಆಗಾಗಂಟ ನಾನು ಏಳಾಕಿಲ್ಲ.

ಜಪಾನು ಎದ್ದಿತು, ಚೌಡೇಶ, ಚಪ್ಪಲಿ ಬಿಟ್ಟು ಬಂದು ನನ್ನ ಮಗ್ಗುಲಿಗೆ ಕೂತ, ಲೇವದ್ದುರಾ, ಏಳಬೇಡ ಅಂತ ತೆಲುಗಿನಲ್ಲೇ ಪಿಸುಗುಟ್ಟಿದ, ಆಮೇಲೆ ಫ್ರಾನ್ಸು ಬಂತು, ಇಟಲಿ ಬಂತು, ಕುರ್ಚಿಗಳು ಒಂದೊಂದೇ ಖಾಲಿ, ಇಂಗ್ಲೆಂಡು ಮಾತ್ರ ಮೇಷ್ಟ್ರ ಮುಖ ನೋಡುತ್ತಾ ಕೂತಿದೆ ಪಾಪ, ಮೇಷ್ಟ್ರು ಯಾಕೆ ಅಂಚಿನಲ್ಲೇ ನಿಂತರು, ನನ್ನ ರಟ್ಟೆ ಹಿಡಿದು ಎಬ್ಬಿಸಬೇಕಾದರೆ ಕಂಬಳಿ ಹತ್ತಬೇಕು, ಹತ್ತಬೇಕಾದರೆ ಬೂಟು ಬಿಚ್ಚಬೇಕು, ಬಿಚ್ಚಿ ಹತ್ತಿದರೆ ಅವರೂ ನ್ಯಾಯಕ್ಕೆ ಕೂತಂತೆ, ಗೊತ್ತಿಲ್ಲವೇ ಅವರಿಗೆ, ಅವರೂ ಈ ಸೀಮೆಯ ದೇವಸಮುದ್ರದವರೇ, ಕಳೆದ ವರ್ಷ ತರಗತಿಯಲ್ಲಿ ಅವರೇ ಹೇಳಿದ್ದರು, ನಮ್ಮಪ್ಪನ ಕಳುವಾದ ಕುರಿ ಸಿಕ್ಕಿದ್ದು ಪೊಲೀಸರಿಂದಲ್ಲ ಕಣ್ರಯ್ಯಾ, ಕಂಬಳಿ ಮೇಲೆ, ಕದ್ದವನು ಅದರ ಮೇಲೆ ಕೂತು ಸುಳ್ಳು ಹೇಳಲಾರದೆ ಹೋದ. ಹೊರಗೆ ಅಮಲ್ದಾರರ ಜಟಕಾ ನಿಂತ ಸದ್ದು, ನಾನು ತಲೆ ಎತ್ತುವುದಿಲ್ಲ, ಎತ್ತಿದರೆ ಬೇಡಿದಂತಾಗುತ್ತದೆ, ಬೂಟನ್ನೇ ನೋಡುತ್ತೇನೆ, ನಾಲ್ಕು ಬೆರಳು ದೂರ, ಎರಡು ಸುತ್ತು ಬಿಗಿದ ದಾರ, ಅದರ ಮೇಲೆ ಒಂದು ಕೈ ಇಳಿಯುತ್ತಿದೆ, ದಾರದ ತುದಿ ಹಿಡಿದಿದೆ, ಬೂಟು, ಕರೀ ಬೂಟು, ಎಡಗಾಲಿನ ಗಂಟು ಬಿಚ್ಚಿದೆ.